ವೇಷ ಕಳಚಿದ ಮೇಲಿನ ಮಾತು

ದೊಡ್ಡವರಿಗೆ ಏನನ್ನಾದರೂ ಕಲಿಸುವಾಗ ಭಾಷಣಕ್ಕಿಂತ ಪಾತ್ರಾಭಿನಯವೂ ರೂಪಕವೂ ಹೆಚ್ಚು ಆಳಕ್ಕೆ ಇಳಿಯುತ್ತವೆ, ಆದರೆ ಅವು ತಾವಾಗಿಯೇ ಯಾರನ್ನೂ ಯೋಚನೆಗೆ ಹಚ್ಚುವುದಿಲ್ಲ ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಕರಾವಳಿಯ ತಾಲ್ಲೂಕುಗಳಿಂದಲೂ ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಬರೆದವರಲ್ಲಿ ಹೆಚ್ಚಿನವರು ಸಂಘಗಳಿಗೆ ತರಬೇತಿ ಕೊಡುವವರು ಅಥವಾ ಸಾಕ್ಷರತಾ ಕೇಂದ್ರ ನಡೆಸುವವರು. ಹೆಸರುಗಳನ್ನು ಬಿಟ್ಟು, ಊರುಗಳನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಮಹಿಳಾ ಸ್ವಸಹಾಯ ಸಂಘಗಳ ತರಬೇತಿಯಲ್ಲಿ ಸಾಲದ ಅರ್ಜಿಯ ಕುರಿತು ಒಂದು ಪಾತ್ರಾಭಿನಯ ಮಾಡಿಸಿದೆ. ಒಬ್ಬರು ಬ್ಯಾಂಕಿನ ಮ್ಯಾನೇಜರ್, ಇಬ್ಬರು ಸಾಲ ಕೇಳಲು ಬಂದವರು. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಚಪ್ಪಾಳೆ ಹೊಡೆದರು, ಚಹಾ ಕುಡಿದು ಮನೆಗೆ ಹೋದರು. ಮುಂದಿನ ತಿಂಗಳು ಕೇಳಿದರೆ ಆ ನಗುವನ್ನು ಬಿಟ್ಟು ಬೇರೇನೂ ಯಾರಿಗೂ ನೆನಪಿರಲಿಲ್ಲ. ತಪ್ಪಿದ್ದು ಎಲ್ಲಿ?
(ತರಬೇತುದಾರರು, ಅಂಕೋಲಾ)

ಉತ್ತರ: ತಪ್ಪಿದ್ದು ಚಹಾದ ಹೊತ್ತಿಗೆ. ಆಟ ಮುಗಿದೊಡನೆ ಚಹಾ ಬಂದರೆ ಆಟವೇ ಪಾಠವೆಂದು ಎಲ್ಲರೂ ತಿಳಿಯುತ್ತಾರೆ. ನಿಜದಲ್ಲಿ ಪಾಠ ಇನ್ನೂ ಶುರುವಾಗಿರುವುದೇ ಇಲ್ಲ. ನಮ್ಮ ಬಹುತೇಕ ತರಬೇತಿಗಳಲ್ಲಿ ಅರ್ಧ ಗಂಟೆಯ ಅಭಿನಯ ನಡೆಯುತ್ತದೆ, ಆಮೇಲೆ ‘ಹೇಗನಿಸಿತು?’ ಎಂಬ ಒಂದು ಪ್ರಶ್ನೆ ಬರುತ್ತದೆ, ‘ಚೆನ್ನಾಗಿತ್ತು’ ಎಂಬ ಉತ್ತರ ಸಿಗುತ್ತದೆ. ಬಹಳ ವರ್ಷ ನಾನೂ ಹಾಗೆಯೇ ಮಾಡಿದವಳು. ಈಗ ಲೆಕ್ಕವನ್ನು ತಿರುಗಿಸಿದ್ದೇನೆ: ಅಭಿನಯಕ್ಕೆ ಹತ್ತು ನಿಮಿಷ, ಅದರ ಮೇಲಿನ ಮಾತಿಗೆ ನಲವತ್ತು ನಿಮಿಷ.

ಗಂಗಾವಳಿ ನದಿಯ ದಂಡೆಯ ಒಂದು ಊರಿನಲ್ಲಿ, ಶಾಲೆಯ ಜಗಲಿಯ ಮೇಲೆ, ನಾನು ಮಾಡಿಸಿದ್ದೂ ಇದೇ ಸಾಲದ ಆಟ. ಮ್ಯಾನೇಜರ್ ಆದವರು ಮೀನು ವ್ಯಾಪಾರದ ಮನೆಯ, ಐವತ್ತರ ಆಸುಪಾಸಿನ ಒಬ್ಬ ತಾಯಿ. ಯಾರದೋ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಶಾಲೆಯ ಹಾಜರಿ ಪುಸ್ತಕವನ್ನು ಫೈಲಿನಂತೆ ಮಗುಚುತ್ತ, ಎದುರಿಗೆ ಬಂದು ನಿಂತ ಇಬ್ಬರನ್ನು ತಲೆಯೆತ್ತಿ ಕೂಡ ನೋಡದೆ ಅವರು ಸಾಕಷ್ಟು ಹೊತ್ತು ಹಾಗೆಯೇ ನಿಲ್ಲಿಸಿದರು. ಮುಂದೆ ಎರಡು ಖಾಲಿ ಕುರ್ಚಿಗಳಿದ್ದವು. ಜಗಲಿಯ ತುಂಬ ನಗು. ಆಟ ಮುಗಿದ ಮೇಲೆ ನಾನು ಸಾಲದ ವಿಷಯ ಎತ್ತದೆ ಕುರ್ಚಿಯ ವಿಷಯ ಎತ್ತಿದೆ. ‘ಕುರ್ಚಿ ಖಾಲಿ ಇತ್ತಲ್ಲ, ಕೂತ್ಕೊಳ್ಳಿ ಎಂದು ಏಕೆ ಹೇಳಲಿಲ್ಲ?’ ಎಂದು ಮ್ಯಾನೇಜರನ್ನು ಕೇಳಿದೆ. ಬ್ಯಾಂಕಿನವರು ಹೇಳುವುದಿಲ್ಲ, ಅದಕ್ಕೇ ತಾನೂ ಹೇಳಲಿಲ್ಲ ಎಂದರು. ನಿಂತಿದ್ದವರನ್ನು ಕೇಳಿದರೆ, ‘ಹೇಳದೆ ಕೂತ್ರೆ ಸಾಲ ಸಿಕ್ತದ್ಯಾ ಅಕ್ಕೋರೆ?’ ಎಂದು ನನ್ನನ್ನೇ ಕೇಳಿದರು. ಹೇಳದೆ ಕೂರಬಾರದೆಂಬ ನಿಯಮ ಯಾವ ಫೈಲಿನಲ್ಲಿದೆ ಎಂದು ಮತ್ತೆ ಕೇಳಿದೆ. ನಗು ಅಲ್ಲಿಗೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಕನ್ನಡಕವನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ ಇದ್ದ ಆ ತಾಯಿ, ಯಾರ ಮುಖವನ್ನೂ ನೋಡದೆ, ‘ಬುಟ್ಟಿ ಹೊರುಕೆ ಬರೋಳನ್ನ ನಾನೂ ಅಂಗಳದಲ್ಲೇ ನಿಲ್ಲಿಸ್ತೆ’ ಎಂದರು.

ಆ ಮಾತನ್ನು ನಾನು ಹೊಗಳಲಿಲ್ಲ, ಬೋರ್ಡಿನ ಮೇಲೆ ಬರೆಯಲೂ ಇಲ್ಲ. ಬರೆದಿದ್ದರೆ ಅದು ಒಬ್ಬರ ತಪ್ಪೊಪ್ಪಿಗೆಯಾಗಿ ಅಲ್ಲಿಗೇ ಮುಗಿಯುತ್ತಿತ್ತು. ನಿಲ್ಲಿಸುವವರು ಯಾರು, ನಿಲ್ಲುವವರು ಯಾರು, ಇದನ್ನು ನಾವೆಲ್ಲ ಎಲ್ಲಿ ಕಲಿತೆವು ಎಂದು ಎಲ್ಲರನ್ನೂ ಕೇಳಿದೆ. ದೇವಸ್ಥಾನ, ಪಡಿತರ ಅಂಗಡಿ, ಗಂಡನ ಮನೆ ಎಲ್ಲವೂ ಮಾತಿಗೆ ಬಂದವು. ನೀವು ಗಮನಿಸಬೇಕಾದದ್ದು ಪ್ರಶ್ನೆಗಳ ಸರದಿಯನ್ನು. ಆಟದಲ್ಲಿ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿಯಿಂದ ಶುರು ಮಾಡಿ, ಅದು ಬೇರೆಲ್ಲಿ ನಡೆಯುತ್ತದೆ ಎಂದು ಕೇಳಿ, ಆಮೇಲಷ್ಟೇ ಅದನ್ನು ಯಾರು ನಿಯಮ ಮಾಡಿದರು ಎಂಬಲ್ಲಿಗೆ ಹೋಗಬೇಕು. ಮೊದಲೇ ‘ಇದರಿಂದ ಏನು ಕಲಿತಿರಿ?’ ಎಂದು ಕೇಳಿದರೆ ಅವರು ನಿಮಗೆ ಬೇಕಾದ ಉತ್ತರವನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅಷ್ಟು ಜಾಣತನ ಎಲ್ಲ ದೊಡ್ಡವರಲ್ಲೂ ಇದೆ.

ಇಷ್ಟಾದ ಮೇಲೆ ಅದೇ ಆಟವನ್ನು ಇನ್ನೊಮ್ಮೆ ಆಡಿಸಿ. ಬ್ರೆಜಿಲ್ ದೇಶದ ರಂಗಕರ್ಮಿ ಆಗಸ್ಟೋ ಬೋಲ್ 1973ರಲ್ಲಿ ಪೆರುವಿನ ಸಾಕ್ಷರತಾ ಕಾರ್ಯಕ್ರಮದಲ್ಲಿ ದುಡಿದವರು. ಅವರು ಬೆಳೆಸಿದ ರಂಗಪದ್ಧತಿಯಲ್ಲಿ, ಸೋಲಿನಲ್ಲಿ ಮುಗಿದ ದೃಶ್ಯವನ್ನು ಮತ್ತೆ ಆಡುತ್ತಾರೆ. ನೋಡುತ್ತ ಕುಳಿತವರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಎದ್ದು ಬಂದು, ಸೋತವರ ಜಾಗದಲ್ಲಿ ನಿಂತು ಬೇರೆ ರೀತಿ ಮಾಡಿ ನೋಡಬಹುದು. ಗಂಗಾವಳಿಯ ಜಗಲಿಯಲ್ಲಿ ಒಬ್ಬಳು ಹೇಳಿಸಿಕೊಳ್ಳದೆ ಕುರ್ಚಿಯ ಮೇಲೆ ಕುಳಿತಳು, ಮ್ಯಾನೇಜರ್ ಅವಳ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಇನ್ನೊಬ್ಬಳು ಸಾಲ ಏಕಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೊಡಿ ಎಂದಳು. ಕನ್ನಡಕ ಹಾಕಿಕೊಂಡಿದ್ದ ತಾಯಿಗೆ ಏನು ಹೇಳಬೇಕೆಂದು ತೋಚದೆ, ಆಟದ ನಡುವೆಯೇ ‘ಹೀಗೂ ಕೇಳ್ಬಹುದಾ?’ ಎಂದು ನನ್ನ ಕಡೆ ತಿರುಗಿದರು. ಚಹಾ ಆ ದಿನ ತಣ್ಣಗಾಗಿತ್ತು.

ಪ್ರಶ್ನೆ: ಯಕ್ಷಗಾನದ ತಾಳಮದ್ದಳೆಯಲ್ಲಿ ನಾವು ತಲೆಮಾರುಗಳಿಂದ ಮಾಡುತ್ತ ಬಂದದ್ದೂ ಇದನ್ನೇ ಅಲ್ಲವೇ? ಒಂದು ರಾತ್ರಿ ವಾಲಿಯಾದವನು ಮತ್ತೊಂದು ರಾತ್ರಿ ರಾಮನಾಗುತ್ತಾನೆ. ಬ್ರೆಜಿಲ್, ಪೆರು ಎಂದು ಊರೂರು ಸುತ್ತುವ ಅಗತ್ಯವೇನು?
(ಹವ್ಯಾಸಿ ಅರ್ಥಧಾರಿ, ನಿವೃತ್ತ ಮಾಸ್ತರರು, ಶಿರಸಿ)

ಉತ್ತರ: ಬಹುಪಾಲು ಒಪ್ಪುತ್ತೇನೆ, ಮಾಸ್ತರರೇ. ಬಣ್ಣವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯವೊಂದನ್ನೇ ಹಿಡಿದುಕೊಂಡು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಇನ್ನೊಬ್ಬರ ಮನಸ್ಸನ್ನು ಕಟ್ಟಿ ನಿಲ್ಲಿಸುವ ಅಭ್ಯಾಸ ನಮ್ಮ ಜಿಲ್ಲೆಯ ಸಾಮಾನ್ಯ ಕೃಷಿಕರಿಗೂ ಇದೆ. ಮರದ ಮರೆಯಿಂದ ಬಂದ ಬಾಣ ನಾಟಿದ ಮೇಲೆ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳನ್ನು ನೆನೆಯಿರಿ. ಮನೆಯಲ್ಲಿ ದೀಪ ಹಚ್ಚಿ ಕೈಮುಗಿಯುವ ದೇವರನ್ನೇ ನಡುರಾತ್ರಿಯಲ್ಲಿ ಎದುರು ಕೂರಿಸಿಕೊಂಡು ‘ಇದು ಧರ್ಮವೇ?’ ಎಂದು ಗದರುವ ಸಲಿಗೆ, ಅದನ್ನು ಊರವರು ತಲೆದೂಗುತ್ತ ಕೇಳುವ ಸಹನೆ ಎರಡೂ ಇಲ್ಲಿ ಒಟ್ಟಿಗಿವೆ. ಯಾವ ತರಬೇತಿ ಕೈಪಿಡಿಯೂ ಇಷ್ಟು ಧೈರ್ಯ ಮಾಡುವುದಿಲ್ಲ.

ಆದರೂ ಎರಡು ಅಡಚಣೆಗಳಿವೆ. ಪಾತ್ರವಾಗಿ ಕುಳಿತು ಮಾತಾಡುವ ಅರ್ಥಧಾರಿ ಮಾತಿನಲ್ಲಿ ಗೆಲ್ಲಲು ಕೂರುತ್ತಾನೆ, ಎದುರಿನವನ ಪೀಠಿಕೆಯನ್ನು ಕೆಡವುವುದರಲ್ಲಿ ಅವನ ಕಸುಬಿದೆ. ಇನ್ನೊಂದು, ಮಂಗಳ ಹಾಡಿದ ಮೇಲೆ ಜಗಲಿಯಲ್ಲಿ ನಡೆಯುವ ಚರ್ಚೆ ಯಾರ ವಾಲಿ ಚೆನ್ನಾಗಿತ್ತು ಎಂಬುದರ ಕುರಿತಾಗಿರುತ್ತದೆಯೇ ಹೊರತು, ವಾಲಿಯ ಪ್ರಶ್ನೆಯನ್ನು ನಮ್ಮ ಮನೆಯ ಹಿರಿಯರಿಗೆ ಕೇಳಬಹುದೇ ಎಂಬುದರ ಕುರಿತಲ್ಲ. ತರಬೇತಿಗೆ ಬೇಕಾಗಿರುವುದು ಈ ಎರಡನೆಯ ಚರ್ಚೆ.

ಹಾಗಾಗಿ ತಾಳಮದ್ದಳೆಯ ರೂಢಿಗೆ ನಾನು ಒಂದು ತಿರುವು ಸೇರಿಸಿಕೊಂಡಿದ್ದೇನೆ: ವಾದ ಬಿಸಿಯೇರಿದಾಗ ಜಾಗ ಬದಲಾಯಿಸುವುದು. ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರ ಒಂದು ಸಭೆಯಲ್ಲಿ, ತೋಟ ಬಿಟ್ಟು ಬೆಂಗಳೂರಿಗೆ ಹೋದ ಮಗ ಮತ್ತು ಊರಿನಲ್ಲಿ ಉಳಿದ ಅಪ್ಪ ಎಂದು ಎರಡು ಪಾತ್ರ ಮಾಡಿದೆವು. ಅಪ್ಪನ ಪಾತ್ರ ಹಿಡಿದವರು ನಿಜದಲ್ಲೂ ಅಂಥ ಅಪ್ಪನೇ, ಅರ್ಥಗಾರಿಕೆಯ ಅಭ್ಯಾಸವಿದ್ದವರು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಗುವುದಿಲ್ಲ, ಮಳೆ ಬಿಡುವು ಕೊಡುವುದಿಲ್ಲ, ಮದ್ದು ಹೊಡೆಸುವುದು ಒಂದು ವಾರ ತಡವಾದರೆ ಕೊಳೆರೋಗ ಇಡೀ ತೋಟವನ್ನು ಉದುರಿಸುತ್ತದೆ ಎಂದು ಅವರು ಒಂದೊಂದಾಗಿ ಪೇರಿಸಿ ಮಗನನ್ನು ಬಾಯಿ ಬಿಡದಂತೆ ಮಾಡಿದರು. ಸಭೆ ಅವರ ಕಡೆಗಿತ್ತು. ಅಲ್ಲಿ ನಿಲ್ಲಿಸಿ, ಈಗ ನೀವು ಮಗ, ಅವರು ಅಪ್ಪ ಎಂದೆ. ಹೊಸ ಜಾಗದಲ್ಲಿ ಕುಳಿತು ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬಂದದ್ದು ಪ್ರಸಂಗದ ಭಾಷೆಯಲ್ಲ, ಮನೆಮಾತು: ‘ಅಪ್ಪಯ್ಯ, ಆನು ಹೋಗಿದ್ದು ತೋಟ ಬ್ಯಾಡ ಹೇಳಿ ಅಲ್ಲ. ಮದ್ದು ಹೊಡ್ಸದು ಯಾವಾಗ ಹೇಳದ್ರಲ್ಲೂ ಯನ್ನ ಮಾತಿಗೆ ಬೆಲೆ ಇಲ್ಲೆ.’ ಆ ವಾಕ್ಯವನ್ನು ಅವರ ಮಗ ಎಂದಾದರೂ ಆಡಿದ್ದನೋ, ಅಥವಾ ಆಡದಿದ್ದದ್ದನ್ನು ಅವರೇ ಈಗ ಕೇಳಿಸಿಕೊಂಡರೋ ನಾನು ಕೇಳಲಿಲ್ಲ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಾನು ದೊಡ್ಡ ಜಾಣೆಯಂತೆ ಕಾಣುತ್ತೇನೆ. ಆದ್ದರಿಂದ ಮುಂದಿನದನ್ನೂ ಹೇಳಬೇಕು. ಹಿಂದಿನ ಸಾಲಿನಲ್ಲಿ ಅಡಿಕೆ ಸುಲಿಯುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಒಬ್ಬ ಹೆಣ್ಣುಮಗಳು, ‘ಮಗಳ ಪಾತ್ರ ಯಾರಿಗೂ ಕೊಟ್ಟಿದ್ದೇ ಇಲ್ಲೆ ಅಲ್ದ?’ ಎಂದು ಕೇಳಿದರು. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಬಂದ ಎಷ್ಟೋ ವರ್ಷಗಳ ಮೇಲೆ ನಡೆದ ಸಭೆ ಅದು. ತೋಟದ ಭವಿಷ್ಯವೆಂದರೆ ಅಪ್ಪ ಮತ್ತು ಮಗನ ನಡುವಿನ ಮಾತು ಎಂದು ಪಾತ್ರ ಹಂಚಿದವಳು ನಾನು. ಇನ್ನೊಬ್ಬರ ಗೃಹೀತಗಳನ್ನು ಅಲುಗಾಡಿಸಲು ಹೊರಟವಳ ಗೃಹೀತ ಆ ಪಾತ್ರಪಟ್ಟಿಯಲ್ಲೇ ಕುಳಿತಿತ್ತು. ಅಂದಿನಿಂದ ಆಟದ ಮೇಲಿನ ಮಾತಿನಲ್ಲಿ ‘ಇಲ್ಲಿ ಯಾರ ಪಾತ್ರ ಬಿಟ್ಟುಹೋಗಿದೆ?’ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ.

ಪ್ರಶ್ನೆ: ನಮ್ಮ ಸಾಕ್ಷರತಾ ಕೇಂದ್ರದ ಗೋಡೆಯ ಮೇಲೆ ‘ಅಕ್ಷರ ಬೆಳಕು, ಅನಕ್ಷರತೆ ಕತ್ತಲು’ ಎಂದು ಬರೆಸಿದ್ದೆವು. ಅದನ್ನು ಕೂಡಿಸಿ ಓದಲು ಕಲಿತ ದಿನವೇ ಒಬ್ಬ ಹಿರಿಯರು, ‘ಹಾಗಾದ್ರೆ ನಿನ್ನೆವರೆಗೆ ನಾನು ಕತ್ತಲೆಯಲ್ಲಿದ್ದೆನೇ?’ ಎಂದು ನೊಂದುಕೊಂಡರು. ನನಗೆ ಉತ್ತರ ಹೊಳೆಯಲಿಲ್ಲ.
(ಸ್ವಯಂಸೇವಕಿ, ಕುಮಟಾ)

ಉತ್ತರ: ಹೊಳೆಯದಿದ್ದದ್ದೇ ಒಳ್ಳೆಯದಾಯಿತು. ನೀವು ತಕ್ಷಣ ಸಮಾಧಾನ ಹೇಳಿಬಿಟ್ಟಿದ್ದರೆ ವರ್ಷದಲ್ಲಿ ಒಮ್ಮೆ ಸಿಗುವ ಇಂಥ ಪ್ರಶ್ನೆ ಕೈತಪ್ಪಿ ಹೋಗುತ್ತಿತ್ತು. ಆ ಹಿರಿಯರು ಓದಲು ಕಲಿತದ್ದು ಮಾತ್ರವಲ್ಲ, ಓದಿದ್ದನ್ನು ಎದುರಿಸಲೂ ಕಲಿತಿದ್ದಾರೆ.

ರೂಪಕವನ್ನು ನಾವು ಮಾತಿಗೆ ಹಾಕುವ ಒಗ್ಗರಣೆಯೆಂದು ತಿಳಿಯುತ್ತೇವೆ. ಆದರೆ ಅದು ಮಾತಿನ ಅಡಿಯಲ್ಲಿದ್ದುಕೊಂಡು, ಯಾರು ದೊಡ್ಡವರು ಯಾರು ಸಣ್ಣವರು ಎಂಬುದನ್ನು ನಮ್ಮ ಅರಿವಿಗೆ ಬಾರದಂತೆ ತೀರ್ಮಾನ ಮಾಡಿರುತ್ತದೆ. ಬೆಳಕು ಎಂದೊಡನೆ ದೀಪ ಹಿಡಿದವರು ನೀವು, ತಡವರಿಸುವವರು ಅವರು. ನಮ್ಮ ಭಾಷೆಯ ‘ಅಕ್ಷರ ತಿದ್ದುವುದು’ ಎಂಬ ಮಾತನ್ನೂ ಗಮನಿಸಿ: ಅಕ್ಷರದ ಮೇಲೆ ಕೈಯಾಡಿಸುವುದಕ್ಕೂ ತಪ್ಪು ಸರಿಪಡಿಸುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಅರವತ್ತು ವರ್ಷದವರ ಕೈ ಹಿಡಿದು ತಿದ್ದಿಸುವಾಗ ಎರಡನೆಯ ಅರ್ಥ ಕೋಣೆಯೊಳಗೆ ಸದ್ದಿಲ್ಲದೆ ಬಂದು ಕೂರುತ್ತದೆ. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೋ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಮೆಗಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ಹೊರಟಾಗ, ಅವರ ಬಾಯಲ್ಲಿ ದಿನವೂ ಇದ್ದ ಪದಗಳನ್ನೇ ಆರಿಸಿಕೊಂಡು, ಮೊದಲು ಆ ಪದದ ಹಿಂದಿನ ಬದುಕಿನ ಬಗ್ಗೆ ಮಾತಾಡಿಸಿ, ಆಮೇಲೆ ಅದನ್ನು ಅಕ್ಷರಗಳಾಗಿ ಬಿಡಿಸುತ್ತಿದ್ದರು. ಕಲಿಯುವವರ ತಲೆಯನ್ನು ಖಾಲಿ ಖಾತೆಯೆಂದು ಬಗೆದು ಕಲಿಸುವವರು ಅದರಲ್ಲಿ ಜಮಾ ಮಾಡುತ್ತ ಹೋಗುವ ಪದ್ಧತಿಯನ್ನು ಅವರು ಬ್ಯಾಂಕಿಗೆ ಹೋಲಿಸಿ ಟೀಕಿಸಿದ್ದು ಪ್ರಸಿದ್ಧವಾಗಿದೆ. ಒಂದು ರೂಪಕವನ್ನು ಕೆಡವಲು ಅವರಿಗೂ ಇನ್ನೊಂದು ರೂಪಕವೇ ಬೇಕಾಯಿತು.

ಹಾಗಾಗಿ ಗೋಡೆಯ ಬರಹವನ್ನು ಒರೆಸುವ ಮೊದಲು, ಅದರ ಕೆಳಗೆ ಖಾಲಿ ಜಾಗ ಬಿಟ್ಟು, ‘ಅಕ್ಷರ ಎಂದರೆ ನಿಮಗೆ ಏನಿದ್ದಂತೆ?’ ಎಂದು ಅವರನ್ನೇ ಕೇಳಿ. ನಿಮ್ಮದೇ ತಾಲ್ಲೂಕಿನ ಅಘನಾಶಿನಿ ದಂಡೆಯ ಊರೊಂದರಲ್ಲಿ ಹೀಗೆ ಕೇಳಿದಾಗ, ಗಜನಿ ಭೂಮಿಯಲ್ಲಿ ದುಡಿಯುವ ಒಬ್ಬರು ಕೊಟ್ಟ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ. ಅಕ್ಷರ ಗಜನಿ ಕಟ್ಟೆಯ ಬಾಗಿಲಿದ್ದಂತೆ ಎಂದರು ಅವರು. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ: ಗಜನಿ ಎಂದರೆ ಅಳಿವೆಯ ಉಪ್ಪುನೀರು ಏರಿಳಿಯುವ ತಗ್ಗು ಗದ್ದೆ. ಮಳೆಗಾಲದಲ್ಲಿ ಸಿಹಿನೀರು ಬಂದು ಉಪ್ಪು ಇಳಿದಾಗ ಅಲ್ಲಿ ಕಗ್ಗ ಎಂಬ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ ಬೆಳೆಯುತ್ತಾರೆ. ಕಟ್ಟೆಯ ಹಲಗೆ ಬಾಗಿಲನ್ನು ಯಾವ ಭರತಕ್ಕೆ ಮುಚ್ಚಬೇಕು, ಯಾವ ಇಳಿತಕ್ಕೆ ತೆಗೆಯಬೇಕು ಎಂಬುದರ ಮೇಲೆ ಬೆಳೆ ನಿಂತಿರುತ್ತದೆ. ‘ಕಾಗದ ಮನೆಗೆ ಬರೋದು ನೀರು ಬಂದ ಹಾಗೆ. ಯಾವುದನ್ನ ಒಳಗೆ ಬಿಡಬೇಕು, ಯಾವುದಕ್ಕೆ ಹೆಬ್ಬೆಟ್ಟು ಒತ್ತಬಾರದು, ಅದು ಗೊತ್ತಾಗ್ಬೇಕಲ್ಲ’ ಎಂದು ವಿವರಿಸಿದರು.

ಇಲ್ಲಿ ನಿಂತು ಭೇಷ್ ಎಂದರೆ ಕೆಲಸ ಅರ್ಧಕ್ಕೇ ಉಳಿಯುತ್ತದೆ. ರೂಪಕವನ್ನು ಅದು ಹರಿಯುವವರೆಗೆ ಎಳೆಯಬೇಕು. ಆ ಬಾಗಿಲು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. ಗುಂಪು ಒಮ್ಮೆಲೇ ಗದ್ದಲಕ್ಕಿಳಿಯಿತು. ಸೀಗಡಿಗಾಗಿ ಉಪ್ಪುನೀರು ಬೇಕೆನ್ನುವವರು ಒಂದು ಕಡೆ, ಕಗ್ಗಕ್ಕಾಗಿ ಬೇಡವೆನ್ನುವವರು ಇನ್ನೊಂದು ಕಡೆ. ಬಾಗಿಲ ತೀರ್ಮಾನದಲ್ಲಿ ಭೂಮಿಯಿಲ್ಲದ ಕೂಲಿಯವರಿಗೆ ಮಾತೇ ಇಲ್ಲ ಎಂಬುದೂ ಹೊರಬಿತ್ತು. ಹಾಗಾದರೆ ಅಕ್ಷರ ಬಂದ ಮಾತ್ರಕ್ಕೆ ಬಾಗಿಲು ನಮ್ಮ ಕೈಗೆ ಬರುತ್ತದೆಯೇ ಎಂದು ಅವರಲ್ಲೇ ಒಬ್ಬರು ಕೇಳಿದರು. ಬೆಳಕು ಕತ್ತಲಿನ ಘೋಷಣೆಯಿಂದ ಈ ಪ್ರಶ್ನೆ ಎಂದೂ ಹುಟ್ಟುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಸಹಕಾರಿ ಸಂಘದ ಪ್ರತಿ ವಾರ್ಷಿಕ ಸಭೆಯಲ್ಲೂ ‘ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ’ ಎನ್ನುತ್ತೇವೆ. ಇಂಥ ಹಳೆಯ ಹೋಲಿಕೆಯಿಂದ ಪ್ರಯೋಜನವಿದೆಯೇ, ಅಥವಾ ಹೊಸತನ್ನು ಹುಡುಕಬೇಕೇ?
(ಸಂಘವೊಂದರ ಕಾರ್ಯದರ್ಶಿ, ಕಾರವಾರ)

ಉತ್ತರ: ಹಳೆಯದೆಂಬುದು ದೋಷವಲ್ಲ. ದೋಣಿಯ ಬಗ್ಗೆ ಏನೂ ಗೊತ್ತಿಲ್ಲದವರು ಹೇಳುವ ಹಾಗೆ ಅದನ್ನು ಹೇಳುವುದು ದೋಷ. ಕಡಲಿಗೆ ಹೋಗುವವರ ಮುಂದೆ ದೋಣಿ ಎಂದರೆ, ಚುಕ್ಕಾಣಿ ಯಾರದು, ನೀರು ಮೊಗೆದು ಚೆಲ್ಲುವವರು ಯಾರು, ಮೀನು ಇಳಿಸಿದ ಮೇಲೆ ಪಾಲು ಹೇಗೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೇಳಲು ಬಿಡಿ.

ಕಾರವಾರದ ಕಡೆಯ ಹಿರಿಯ ಮೀನುಗಾರರ ಒಂದು ಗುಂಪಿನಲ್ಲಿ ದೋಣಿಯ ಬದಲು ರಂಪಣಿ ಬಂದಿತು. ದಡದಿಂದ ಹೊರಟು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಹರಡಿ ಮತ್ತೆ ದಡಕ್ಕೇ ಬರುವ ಆ ಉದ್ದನೆಯ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ಕೂಡಿ ಎಳೆಯುತ್ತಿದ್ದ ಕಾಲವನ್ನು, ಬಂಗಡೆ ತಾರ್ಲೆಗಳ ರಾಶಿಯನ್ನು ಅವರು ಕಣ್ಣರಳಿಸಿ ಹೇಳಿದರು. ಸಂಘವೆಂದರೆ ಹಾಗಿರಬೇಕು ಎಂದರು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದು ರಂಪಣಿ ಹಿಂದೆ ಸರಿದ ಕಥೆಯೂ ಬಂದಿತು. ಬಲೆ ದೋಣಿಗಳ ಒಡೆಯರಿಗೆ ಬೇರೆ ಪಾಲು ಇತ್ತಲ್ಲ ಎಂದು ಒಬ್ಬರು ಮೆಲ್ಲಗೆ ನೆನಪಿಸಿದಾಗ ಆ ಸುವರ್ಣಯುಗಕ್ಕೆ ಸ್ವಲ್ಪ ಮಂಕು ಕವಿಯಿತು. ಅಲ್ಲಿಂದ ನೇರವಾಗಿ ನಿಮ್ಮಂಥ ಸಂಘಗಳ ಲಾಭಾಂಶದ ಲೆಕ್ಕಕ್ಕೆ ಮಾತು ಹೊರಳಿತು. ನಿಮ್ಮ ಸಭೆಯಲ್ಲಿ ಇದನ್ನು ಮಾಡಿನೋಡುವುದಾದರೆ ಅಧ್ಯಕ್ಷರನ್ನು ಮೊದಲೇ ಸಿದ್ಧಪಡಿಸಿರುವುದು ಕ್ಷೇಮ.

ಸರಿಯಾದ ಹೋಲಿಕೆ ಕಣ್ಣಿಗೆ ಕಾಣದಿದ್ದದ್ದನ್ನು ಕಾಣಿಸುತ್ತದೆ ಎಂಬುದಕ್ಕೆ ಅಮೆರಿಕದ ಚಿಂತಕ ಡೊನಾಲ್ಡ್ ಶಾನ್ ಕೊಟ್ಟ ಉದಾಹರಣೆಯೊಂದು ನನಗೆ ಇಷ್ಟ. ಕೃತಕ ಎಳೆಗಳ ಬಣ್ಣದ ಕುಂಚ ಸರಿಯಾಗಿ ಬಳಿಯುತ್ತಿಲ್ಲವೆಂದು ತಲೆಕೆಡಿಸಿಕೊಂಡಿದ್ದ ಸಂಶೋಧಕರಲ್ಲಿ ಒಬ್ಬ, ಕುಂಚವೆಂದರೆ ಒಂದು ಬಗೆಯ ಪಂಪು ಎಂದನಂತೆ. ಆವರೆಗೆ ಎಳೆಗಳನ್ನೇ ನೋಡುತ್ತಿದ್ದವರು, ಎಳೆಗಳ ನಡುವಿನ ಸಂದಿಯಲ್ಲಿ ಬಣ್ಣ ಹೇಗೆ ಹರಿಯುತ್ತದೆ ಎಂದು ನೋಡತೊಡಗಿದರು.

ಪ್ರಶ್ನೆ: ಕುಡಿತದ ಸಮಸ್ಯೆಯ ಕುರಿತ ಪಾತ್ರಾಭಿನಯದಲ್ಲಿ ಹೆಂಡತಿಯ ಪಾತ್ರ ಮಾಡಿದ ಮಹಿಳೆ ನಡುವೆಯೇ ಅತ್ತು ಹೊರಗೆ ಹೋದರು. ಮತ್ತೆ ತರಬೇತಿಗೆ ಬರಲಿಲ್ಲ. ನಾನು ಮಾಡಿದ್ದು ತಪ್ಪೇ?
(ಆರೋಗ್ಯ ಕಾರ್ಯಕರ್ತೆ, ಹೊನ್ನಾವರ)

ಉತ್ತರ: ಅವರದೇ ಬದುಕನ್ನು ಅವರಿಗೇ ಪಾತ್ರವಾಗಿ ಕೊಟ್ಟದ್ದು ತಪ್ಪು ಎಂದು ಹೇಳದೆ ವಿಧಿಯಿಲ್ಲ, ನಿಮಗೆ ಗೊತ್ತಿರದೆ ಆಗಿರಬಹುದು. ಮನೆಯ ಗಾಯವನ್ನು ಹತ್ತು ಜನರೆದುರು ಆಡಿ ತೋರಿಸುವುದರಿಂದ ಅದು ವಾಸಿಯಾಗುತ್ತದೆಂಬ ನಂಬಿಕೆ ತರಬೇತುದಾರರಲ್ಲಿದೆ. ಅಭಿನಯವನ್ನು ಚಿಕಿತ್ಸೆಯಾಗಿ ಬಳಸುವ ಸೈಕೋಡ್ರಾಮಾ ಎಂಬ ವಿದ್ಯೆಯನ್ನು ಬೆಳೆಸಿದ ಜೇಕಬ್ ಮೊರೆನೊ ಮನೋವೈದ್ಯರಾಗಿದ್ದರು. ನಾವು ಅಲ್ಲ. ನಮ್ಮ ಆಟದಲ್ಲಿ ಊರು, ಹೆಸರು, ಸಂಬಂಧ ಎಲ್ಲವೂ ಒಂದು ಹೆಜ್ಜೆ ದೂರವಿರಬೇಕು, ಪಾತ್ರ ಬೇಡವೆನ್ನಲು ಕಾರಣ ಕೇಳಬಾರದು. ಕುಡಿತದ ವಿಷಯವಿದ್ದರೆ ಹೆಂಡತಿಯ ಬದಲು ನೆರೆಮನೆಯವರ, ಅಂಗಡಿಯವರ, ಪಂಚಾಯತಿ ಸದಸ್ಯರ ಪಾತ್ರಗಳನ್ನು ಕೊಡಿ. ಗೊತ್ತಿದ್ದೂ ಸುಮ್ಮನಿರುವವರ ಬಗ್ಗೆ ಯೋಚಿಸಲು ಅದೇ ಒಳ್ಳೆಯ ದಾರಿ.

ಪಾತ್ರದಿಂದ ಹೊರಗೆ ಬರುವ ಕ್ರಮವೂ ಬೇಕು. ಯಕ್ಷಗಾನದ ಕೆರೆಮನೆ ಮೇಳದ ತಾಲ್ಲೂಕಿನವರಾದ ನಿಮಗೆ, ವೇಷ ಕಟ್ಟುವ ಬಿಚ್ಚುವ ಜಾಗವಾದ ಚೌಕಿಯ ಬೆಳಗಿನ ನೋಟ ಗೊತ್ತಿರುತ್ತದೆ: ಆಟ ಮುಗಿದೊಡನೆ ಯಾರೂ ಕಿರೀಟದಲ್ಲೇ ಮನೆಗೆ ಹೋಗುವುದಿಲ್ಲ. ಕಟ್ಟು ಬಿಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿ, ಮುಖ ತೊಳೆದು, ತಮ್ಮ ತಮ್ಮ ಹೆಸರಿನಿಂದ ಒಬ್ಬರನ್ನೊಬ್ಬರು ಕರೆಯಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ನಮ್ಮ ತರಬೇತಿಗಳಲ್ಲಿ ಚೌಕಿಯೇ ಇಲ್ಲ. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ಎದ್ದು ಜಾಗ ಬದಲಿಸಿ, ತಮ್ಮ ಹೆಸರು ಹೇಳಿ, ಆ ಪಾತ್ರಕ್ಕೂ ತಮಗೂ ಇರುವ ಒಂದು ವ್ಯತ್ಯಾಸವನ್ನು ಹೇಳಿದ ನಂತರವೇ ಚರ್ಚೆ ಆರಂಭಿಸಿ.

ಆ ಮಹಿಳೆಯ ಮನೆಗೆ ತರಬೇತಿಯ ಸುದ್ದಿ ಎತ್ತದೆ ಒಮ್ಮೆ ಹೋಗಿಬನ್ನಿ. ಹಿಂಸೆಯ ಮಾತು ಬಂದರೆ ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416 ಇವೆ. ಈ ಸಂಖ್ಯೆಗಳನ್ನು ಅವರ ಮೊಬೈಲಿನಲ್ಲಿ ಬರೆದಿಡುವ ಮೊದಲು ಆ ಮೊಬೈಲನ್ನು ಮನೆಯಲ್ಲಿ ಇನ್ನಾರು ನೋಡುತ್ತಾರೆ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಅಧಿಕಾರಿಗಳ ತರಬೇತಿಯಲ್ಲಿ ಯಾರೂ ಪಾತ್ರ ಮಾಡಲು ಒಪ್ಪುವುದಿಲ್ಲ. ನಾಚಿಕೆಯೋ ಬಿಂಕವೋ ತಿಳಿಯದು.
(ದಾಂಡೇಲಿ)

ಉತ್ತರ: ಎರಡೂ ಇರುತ್ತವೆ, ಜೊತೆಗೆ ಮೇಲಧಿಕಾರಿ ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಅಭಿನಯ ಬಿಡಿ, ಬರೆಯಲು ಹೇಳಿ. ತಮ್ಮ ಕಚೇರಿಗೆ ಮೂರನೆಯ ಸಲ ಅಲೆದು ಬರಿಗೈಯಲ್ಲಿ ಊರಿಗೆ ಮರಳುತ್ತಿರುವ ಅರ್ಜಿದಾರ ಬಸ್ಸಿನಲ್ಲಿ ಕುಳಿತು ತನ್ನ ಅಣ್ಣನಿಗೆ ಬರೆಯುವ ಪತ್ರ, ಒಂದು ಪುಟ, ಸಹಿ ಬೇಡ. ಕಾಗದಗಳನ್ನು ಕಲೆಸಿ, ಯಾರದೋ ಪತ್ರವನ್ನು ಇನ್ಯಾರೋ ಓದಲಿ.

ಪ್ರಶ್ನೆ: ಸಮಾಜಕಾರ್ಯದ ವಿದ್ಯಾರ್ಥಿನಿ ನಾನು. ‘ವಿಮರ್ಶಾತ್ಮಕ ಚಿಂತನೆ’ ಎಂದು ಪಠ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಆಯಿತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಕ್ಷೇತ್ರಕಾರ್ಯದ ವರದಿಯಲ್ಲಿ ಅಂಕಿ ಕೇಳುತ್ತಾರೆ.
(ಶಿರಸಿ)

ಉತ್ತರ: ದೊಡ್ಡವರ ಕಲಿಕೆಯ ಮಟ್ಟಿಗೆ ಈ ಹೆಸರಿನ ಹಿಂದೆ ಅಮೆರಿಕದ ಶಿಕ್ಷಣ ಚಿಂತಕ ಜ್ಯಾಕ್ ಮೆಜಿರೋ ಅವರ ಕೆಲಸ ದೊಡ್ಡದು. ಬಹಳ ಕಾಲದ ಮೇಲೆ ಕಾಲೇಜಿಗೆ ಮರಳಿದ ಅಮೆರಿಕದ ಮಹಿಳೆಯರನ್ನು ಅಧ್ಯಯನ ಮಾಡಿ 1978ರಲ್ಲಿ ಅವರು ಮುಂದಿಟ್ಟ ವಿಚಾರವೆಂದರೆ, ದೊಡ್ಡವರು ಹೊಸ ವಿಷಯ ಕೂಡಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ, ಯಾವುದೋ ಒಂದು ಇಕ್ಕಟ್ಟು ಎದುರಾದಾಗ ತಮ್ಮ ಹಳೆಯ ಗೃಹೀತಗಳನ್ನೇ ತಿರುಗಿ ಪರೀಕ್ಷಿಸುವುದರಿಂದ ಬದಲಾಗುತ್ತಾರೆ ಎಂಬುದು. ನಮ್ಮಲ್ಲಿ ಸಿಂಹಾವಲೋಕನ ಎಂಬ ಮಾತಿದೆಯಲ್ಲ, ನಡೆದ ಸಿಂಹ ನಿಂತು ಹಿಂದಿರುಗಿ ನೋಡುವುದು. ಸಭೆಗಳಲ್ಲಿ ಅದು ವರದಿ ಓದುವುದಕ್ಕೆ ಹೆಸರಾಗಿ ಸವೆದುಹೋಗಿದೆ, ಇಲ್ಲವಾದರೆ ಅದೇ ಸರಿಯಾದ ಪದವಾಗುತ್ತಿತ್ತು. ಆದರೆ ಸಿಂಹ ಹಿಂದೆ ನೋಡಿಯೂ ಅದೇ ದಾರಿಯಲ್ಲಿ ನಡೆಯಬಹುದು, ಅದನ್ನು ಮರೆಯಬೇಡಿ.

ಅಂಕಿಯಲ್ಲಿ ಇದು ಹಿಡಿಯಲು ಸಿಗುವುದಿಲ್ಲ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಬಗ್ಗೆ ಆಡುವ ಒಂದು ವಾಕ್ಯವನ್ನು, ಅವರದೇ ಮಾತಿನಲ್ಲಿ, ಎಡಪುಟದಲ್ಲಿ ಬರೆದುಕೊಳ್ಳುತ್ತೇನೆ. ಆರು ತಿಂಗಳ ಮೇಲೆ ಊರಿಗೆ ಹೋದಾಗ ಅವರು ಆಡಿದ್ದು ಬಲಪುಟಕ್ಕೆ. ಎಷ್ಟೋ ಬಲಪುಟಗಳು ಖಾಲಿ ಉಳಿದಿವೆ, ಕೆಲವು ಎಡಪುಟದ ನಕಲಿನಂತಿವೆ. ಒಂದು ಪುಟದ ಎಡಗಡೆ ‘ನಾನು ಬರೇ ಸಹಿ ಹಾಕೋ ಅಧ್ಯಕ್ಷೆ’ ಎಂದಿದೆ. ಬಲಗಡೆ: ‘ಸಹಿ ಹಾಕೋಕೆ ಮುಂಚೆ ಓದಿ ಹೇಳಿ ಅಂದೆ. ಕಾರ್ಯದರ್ಶಿಗೆ ಸಿಟ್ಟು ಬಂತು. ನಾನು ಪೆನ್ನು ಕೆಳಗಿಟ್ಟೆ.’

ನಿಮ್ಮ ವರದಿಯ ಅಂಕಣದಲ್ಲಿ ಹಾಜರಾತಿಯ ಸಂಖ್ಯೆ ತುಂಬಿಸಿ. ಇಂಥ ನಾಲ್ಕು ಪುಟಗಳನ್ನು, ಖಾಲಿ ಉಳಿದ ಒಂದನ್ನೂ ಸೇರಿಸಿ, ಹೆಸರು ಮರೆಮಾಡಿ ಕೊನೆಯಲ್ಲಿ ಲಗತ್ತಿಸಿ.